ಮೀನು ಸಿಕ್ಕೇ ಸಿಗುವ ಕೆರೆ

ಮನೆಯಲ್ಲಿ ಯಾರಿಗಾದರೂ ಬೇಸರವಾದರೆ ಕೆಲವರು ಕಾಫಿ ಮಾಡಿಕೊಡುತ್ತಾರೆ, ಕೆಲವರು ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ನಾನು ಸ್ಪ್ರೆಡ್‌ಶೀಟ್ ತೆರೆಯುತ್ತೇನೆ. ಇದು ಗುಣವೋ ರೋಗವೋ ನನಗಿನ್ನೂ ತೀರ್ಮಾನವಾಗಿಲ್ಲ. ಆಸ್ಪತ್ರೆಯೊಂದರಲ್ಲಿ ಅಂಕಿ ಅಂಶ ನೋಡುವುದು ನನ್ನ ಉದ್ಯೋಗ. ಯಾವ ವಾರ್ಡಿಗೆ ಯಾವಾಗ ಎಷ್ಟು ಹಾಸಿಗೆ ಬೇಕಾದೀತು ಎಂದು ಹೇಳಿ ಸಂಬಳ ಪಡೆಯುತ್ತೇನೆ. ಸಂಜೆ ಡೆಟ್ರಾಯಿಟ್ ಬಳಿಯ ಕ್ಯಾಂಟನ್ನಿನ ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಮಗಳಿಗೆ ಪಿಯಾನೋ ಟೀಚರ್ ಹುಡುಕಿದ್ದು, ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲು ಓವನ್ನಿನ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಕಂಡುಕೊಂಡಿದ್ದು, ಎಲ್ಲವೂ ಕಾಲಂ ಹಾಕಿಯೇ. ಇಂಥವಳು ಗಂಡನ ಕೆಲಸ ಹೋದಾಗ ಸುಮ್ಮನಿರುವುದುಂಟೇ?

ನನ್ನವರು ಶ್ರೀಧರ, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬ್ರೇಕಿನ ಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದರು. ಚಳಿ ಮುಗಿಯುವ ಹೊತ್ತಿಗೆ ಅವರ ವಿಭಾಗವನ್ನೇ ಮುಚ್ಚಿದರು. ನಾನು ಡೆಟ್ರಾಯಿಟ್‌ನಿಂದ ಶಿಕಾಗೋವರೆಗಿನ ಖಾಲಿ ಹುದ್ದೆಗಳನ್ನೆಲ್ಲ ಜರಡಿ ಹಿಡಿದು, ಇವರಿಗೆ ಯಾವುದು ಎಷ್ಟು ಹೊಂದುತ್ತದೆಂದು ಹಸಿರು, ಹಳದಿ, ಕೆಂಪು ಬಣ್ಣ ಬಳಿದೆ. ರೆಸ್ಯುಮೆಯನ್ನೂ ಬೆಳಗಿ ಹೊಸದು ಮಾಡಿದೆ. ಇವರು ನಾನು ತೋರಿಸಿದ ಹಸಿರಿಗೆಲ್ಲ ವಿಧೇಯರಾಗಿ ಅಪ್ಲೈ ಮಾಡಿದರು. ಯಾರೂ ಕರೆಯಲಿಲ್ಲ. ಬರಬರುತ್ತ ಇವರು ಮಾತು ಕಡಿಮೆ ಮಾಡಿದರು, ಹಜಾರದ ಕಿಟಕಿಯ ಬಳಿ ಕೂತು ಅಂಚೆ ಗಾಡಿ ಬರುವುದನ್ನು ನೋಡತೊಡಗಿದರು.

ಆಗ ಬಂದವರು ಪಾಟೀಲ ಅಂಕಲ್. ಧಾರವಾಡದ ಕಡೆಯವರು, ನಿವೃತ್ತರು, ನಮ್ಮ ಬಡಾವಣೆಯಲ್ಲೇ ಮನೆ. ತಮ್ಮ ಹಳೆಯ ಗಾಳವೊಂದನ್ನು ತಂದು ಇವರ ಕೈಗಿತ್ತು, “ಮನ್ಯಾಗ ಕುಂತ್ರ ತಲಿ ಕೆಡ್ತದ. ಮೀನು ಹಿಡಿಯೂ ಲೈಸೆನ್ಸ್ ತಗೊಂಡು ಕೆರಿ ದಂಡಿಗೆ ಹೋಗ್ರಿ. ಕೈಯಾಗ ಗಾಳ ಇದ್ರ ಯಾರೂ ‘ಏನ್ ಕೆಲಸ ಮಾಡ್ತೀರಿ’ ಅಂತ ಕೇಳಂಗಿಲ್ಲ” ಎಂದರು. ಅದು ನಿಜ. ಈ ದೇಶದಲ್ಲಿ ವಾರದ ನಡುವೆ ಬರಿಗೈಲಿ ನೀರು ನೋಡುತ್ತ ಕೂತವನನ್ನು ಜನ ಅನುಮಾನದಿಂದ ನೋಡುತ್ತಾರೆ. ಗಾಳ ಹಿಡಿದವನಿಗೆ ಕೈ ಬೀಸುತ್ತಾರೆ. ಇವರು ಹೋದರು, ಬರಿಗೈಲಿ ಬಂದರು. ಮತ್ತೆ ಹೋದರು, ಮತ್ತೆ ಬರಿಗೈ. ಒಂದು ಸಂಜೆ ಷೂ ಬಿಚ್ಚುತ್ತ, “ಮೀನಿಗೂ ನನ್ನ ರೆಸ್ಯುಮೆ ಹಿಡಿಸ್ಲಿಲ್ಲ ಅನ್ಸುತ್ತೆ ಕಣೇ” ಎಂದರು. ತಮಾಷೆಗೇ ಅಂದದ್ದು. ನನಗೆ ನಗು ಬರಲಿಲ್ಲ. ಇವರು ಒಂದರಲ್ಲಾದರೂ ಗೆಲ್ಲಲೇಬೇಕೆಂದು ಹಟ ಬಂತು. ಲ್ಯಾಪ್‌ಟಾಪ್ ತೆರೆದೆ.

ಮೀನಿಗೂ ಸರ್ವೆ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ರಾಜ್ಯದ ಮೀನುಗಾರಿಕೆ ಇಲಾಖೆಯವರು ಕೆರೆಕೆರೆಗೂ ಬಲೆ ಇಳಿಸಿ, ಬಿದ್ದ ಮೀನನ್ನು ಜಾತಿವಾರು ಎಣಿಸಿ, ಅಳೆದು, ಮತ್ತೆ ನೀರಿಗೆ ಬಿಟ್ಟು, ಲೆಕ್ಕವನ್ನು ಲೋಕಕ್ಕೆಲ್ಲ ತೆರೆದಿಟ್ಟಿದ್ದಾರೆ. ಆ ಪಟ್ಟಿ ಕಂಡು ನನಗೆ ಮೈಸೂರಿನಲ್ಲಿ ಅಪ್ಪ ನನಗಾಗಿ ಎಂಜಿನಿಯರಿಂಗ್ ಸೀಟು ಹುಡುಕಿದ್ದು ನೆನಪಾಯಿತು. ಅಪ್ಪ ಹಿಂದಿನ ವರ್ಷಗಳ ಕಟ್‌ಆಫ್ ಮುಂದಿಟ್ಟುಕೊಂಡು, ಯಾವ ಬ್ರಾಂಚಿಗೆ ಯಾರೂ ಮುಗಿಬೀಳುವುದಿಲ್ಲವೋ ಅದರ ಮೇಲೆ ಬೆರಳಿಟ್ಟು, “ಇಲ್ಲಿ ಸಿಕ್ಕೇ ಸಿಗುತ್ತೆ” ಅಂದಿದ್ದರು. ಸಿಕ್ಕಿತು. ಅದು ನನಗೆ ಇಷ್ಟವೇ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮೀನುಗಳಲ್ಲಿ ಅಂಥ ಬ್ರಾಂಚ್ ಎಂದರೆ ಸಕ್ಕರ್ ಎಂಬ ಜಾತಿ. ಬಾಯಿ ಮುಖದ ಕೆಳಗಿದೆ. ತಳದ ಕೆಸರು ಹೀರಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಮೈತುಂಬ ಮುಳ್ಳು. ಗಾಳದವರೆಲ್ಲ ಬಾಸ್, ವಾಲೈ ಎಂದು ಹೆಸರಾಂತ ಮೀನುಗಳ ಹಿಂದೆ ಬಿದ್ದಿರುವುದರಿಂದ ಇದನ್ನು ಕೇಳುವವರಿಲ್ಲ. ಪೈಪೋಟಿಯೇ ಇಲ್ಲ! ಒಟ್ಟು ಸಂಖ್ಯೆ ನೋಡಿ ಮೋಸಹೋಗುವವಳಲ್ಲ ನಾನು. ಹೆಚ್ಚು ಬಲೆ ಹಾಕಿದ ಕಡೆ ಹೆಚ್ಚು ಮೀನು ಬೀಳುವುದು ಸಹಜ. ಆದ್ದರಿಂದ ಒಂದು ಬಲೆಗೆ ಎಷ್ಟು ಎಂದು ಭಾಗಿಸಿದೆ, ಹಳೆಯ ಸರ್ವೆಗಳನ್ನು ಕಿತ್ತುಹಾಕಿದೆ, ದೋಣಿಯಿಲ್ಲದವರು ದಡದಲ್ಲಿ ನಿಲ್ಲಬಹುದಾದ ಕೆರೆಗಳನ್ನಷ್ಟೇ ಉಳಿಸಿಕೊಂಡೆ. ಕೊನೆಗೊಂದು ಕೆರೆ ಮೇಲೆದ್ದು ನಿಂತಿತು. ಹೆಸರು ಹೇಳುವುದಿಲ್ಲ, ಪಾಪ, ಆ ಮೀನುಗಳಾದರೂ ನೆಮ್ಮದಿಯಿಂದಿರಲಿ. ಮಗಳು ಅದಿತಿ ನನ್ನ ಭುಜದ ಮೇಲಿಂದ ಇಣುಕಿ, “ಅಮ್ಮಾ, ವಿ ಡೋಂಟ್ ಈವನ್ ಈಟ್ ಫಿಶ್” ಎಂದಳು. ತಿನ್ನುವ ಪ್ರಶ್ನೆಯಲ್ಲ, ಸಿಗುವ ಪ್ರಶ್ನೆ ಎಂದು ಅವಳನ್ನು ಓದಲು ಅಟ್ಟಿದೆ.

ಶನಿವಾರ ನಾವಿಬ್ಬರೂ ಹೊರಟೆವು. ಗ್ಯಾಸ್ ಸ್ಟೇಷನ್ನಿನಲ್ಲಿ ಎರೆಹುಳು ಕೊಂಡೆವು. ಅವನ್ನು ಮೊಸರಿನ ಡಬ್ಬಿಯಂಥ ಡಬ್ಬಿಯಲ್ಲಿ ಕೊಡುತ್ತಾರೆ. ನಮ್ಮ ಮೊಸರನ್ನದ ಪಕ್ಕದಲ್ಲಿ ಅದನ್ನಿಡಲು ಮನಸ್ಸು ಬಾರದೆ ದಾರಿಯುದ್ದಕ್ಕೂ ಕಾಲ ಬಳಿ ಇಟ್ಟುಕೊಂಡೆ. ಕೆರೆ ತಲುಪಿ, ನಾನು ಹೇಳಿದ ಜಾಗದಲ್ಲಿ, ನಾನು ಹೇಳಿದಂತೆ ಹುಳು ತಳ ಮುಟ್ಟುವ ಹಾಗೆ ಇವರು ಗಾಳ ಬಿಟ್ಟರು. ನಾನು ಜಮಖಾನ ಹಾಸುವಷ್ಟರಲ್ಲಿ ದಾರ ಬಿಗಿಯಾಯಿತು.

“ವೀಣಾ! ಬಂತು! ಈಗೇನ್ ಮಾಡ್ಬೇಕು?”

ಮೊಣಕೈಯುದ್ದದ ಮೀನು ಹುಲ್ಲಿನ ಮೇಲೆ ಬಿದ್ದು ಒದ್ದಾಡುತ್ತಿತ್ತು. ಇಬ್ಬರು ಸಸ್ಯಾಹಾರಿಗಳು ಅದರ ಮುಂದೆ ಕೈಕಾಲು ಆಡದೆ ನಿಂತಿದ್ದೆವು. ಅಷ್ಟೆಲ್ಲ ಕಾಲಂ ಹಾಕಿದ್ದರಲ್ಲಿ, ಸಿಕ್ಕಿದ ಮೇಲೆ ಮುಂದೇನು ಎನ್ನುವುದಕ್ಕೆ ಒಂದು ಕಾಲಂ ಇರಲಿಲ್ಲ. ಕೊನೆಗೆ ಇವರೇ ಕೈ ಒದ್ದೆ ಮಾಡಿಕೊಂಡು, “ಸಾರಿ ಕಣಪ್ಪಾ, ಸಾರಿ” ಎನ್ನುತ್ತ ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟರು. ನಾನು ಚಪ್ಪಾಳೆ ತಟ್ಟಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. “ನೋಡಿದ್ರಾ? ಸಿಕ್ಕೇ ಸಿಗುತ್ತೆ ಅಂದಿದ್ನಲ್ಲ!” ಎಂದು ನಾನು ಕುಣಿಯುತ್ತಿದ್ದೆ. ಇವರು ಗಾಳ ಮಡಿಸಿ ಜಮಖಾನದ ಮೇಲೆ ಬಂದು ಕೂತರು.

“ಯಾಕ್ರೀ, ಖುಷಿ ಆಗ್ಲಿಲ್ವಾ?”

“ಹಿಡಿದಿದ್ದು ನೀನು, ವೀಣಾ. ನಾನು ಕೋಲು ಹಿಡ್ಕೊಂಡಿದ್ದೆ, ಅಷ್ಟೇ.” ಮೊಸರನ್ನದ ಡಬ್ಬಿ ತೆಗೆದು, ತಿನ್ನದೆ ಕೈಯಲ್ಲೇ ಇಟ್ಟುಕೊಂಡು ಮುಂದುವರಿಸಿದರು. “ಆ ರೆಸ್ಯುಮೆನೂ ಹಂಗೇ. ಓದಿದ್ರೆ ಯಾರೋ ಬೇರೆಯವ್ರದ್ದು ಅನ್ಸುತ್ತೆ. ಅವ್ರಿಗೆ ಕೆಲಸ ಸಿಗ್ಬೇಕು ಪಾಪ, ಚೆನ್ನಾಗಿದಾರೆ.”

ದನಿಯಲ್ಲಿ ಕೋಪವಿರಲಿಲ್ಲ. ವಾಪಸು ಬರುವಾಗ ನಾನೇ ಡ್ರೈವ್ ಮಾಡಿದೆ. ಕಣ್ಣು ಮಂಜಾಗಿ ಹೆದ್ದಾರಿಯಲ್ಲಿ ನಮ್ಮ ಎಕ್ಸಿಟ್ ತಪ್ಪಿಸಿಕೊಂಡೆ.

ಮುಂದಿನ ಶನಿವಾರ ಇವರು ಒಬ್ಬರೇ ಹೊರಟರು. ಯಾವ ಕೆರೆ ಎಂದು ಕೇಳಿದ್ದಕ್ಕೆ, “ಗೊತ್ತಿಲ್ಲ, ಡ್ರೈವ್ ಮಾಡ್ತಾ ಹೋಗ್ತೀನಿ” ಎಂದರು. ಮನಸ್ಸು ಕಲ್ಲು ಮಾಡಿಕೊಂಡು ಮಧ್ಯಾಹ್ನದವರೆಗೆ ತಡೆದೆ. ಆಮೇಲೆ, ನಿಮ್ಮ ಹತ್ತಿರ ಯಾಕೆ ಸುಳ್ಳು, ಫೋನಿನಲ್ಲಿ ಇವರು ಎಲ್ಲಿದ್ದಾರೆಂದು ನೋಡಿದೆ. ಆ ಕೆರೆಯ ಸರ್ವೆಯನ್ನೂ ನೋಡಿದೆ. ಹಾಕಿದ ಬಲೆಗಳೆಲ್ಲ ಹೆಚ್ಚುಕಡಿಮೆ ಖಾಲಿಯೇ ಮೇಲೆ ಬಂದಿದ್ದವು. ಸಕ್ಕರ್ ಎದುರಿಗೆ ದುಂಡನೆಯ ಸೊನ್ನೆ. ಬಲಗಡೆ ನಾಲ್ಕೇ ಮೈಲಿ ಹೋಗಿದ್ದರೆ ಒಳ್ಳೆಯ ಕೆರೆಯಿತ್ತು. ಬೆರಳು ಕರೆ ಮಾಡುವ ಗುಂಡಿಯ ಮೇಲೆ ಹೋಯಿತು. ಮಾಡಲಿಲ್ಲ. ಇದಕ್ಕೆ ಯಾರೂ ನನಗೆ ಶಾಲು ಹೊದಿಸುವುದಿಲ್ಲವೆಂದು ಗೊತ್ತು.

ಸಂಜೆ ಇವರು ಬಂದರು. ಮೂಗು ಬಿಸಿಲಿಗೆ ಕೆಂಪಗಾಗಿತ್ತು. ಒಂದು ಮೀನೂ ಇಲ್ಲ. ಎರಡು ಸಲ ಸಾರನ್ನ ಬಡಿಸಿಕೊಂಡು, ಆಮೆಯೊಂದು ಬಂದು ಹುಳು ಕದ್ದು ಹೋದ ಕಥೆಯನ್ನು ಕೈಯಾಡಿಸಿ ಹೇಳಿದರು. ಅದಿತಿ ನಕ್ಕಳು. ಏಳುವಾಗ ತಟ್ಟೆ ಹಿಡಿದುಕೊಂಡೇ, “ಒಂದ್ ಕಡೆ ಅಪ್ಲೈ ಮಾಡಿದೀನಿ. ರೆಸ್ಯುಮೆ ನಾನೇ ಬರ್ದೆ” ಎಂದರು.

“ಎಲ್ಲಿಗೆ?”

“ಹೇಳಲ್ಲ.”

ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇತ್ತು, ಹುಡುಕಿದ್ದರೆ ಎಲ್ಲಿಗೆಂದು ಸಿಕ್ಕೇ ಸಿಗುತ್ತಿತ್ತು. ನಾನು ಎದ್ದು ಹೋಗಿ, ಎರಡೂ ಕೈಗೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಪಾತ್ರೆ ತೊಳೆಯಲು ನಿಂತೆ. ಪಕ್ಕದಲ್ಲೇ ಡಿಶ್‌ವಾಷರ್ ಖಾಲಿ ಇತ್ತು.