ಹೆಲ್ಗಾ ಮನೆಯೊಳಗೇ ಇದ್ದಾಳೆ

ಕಂಪ್ಯೂಟರ್ ಬಲ್ಲ ನಮ್ಮಂಥವರನ್ನು ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ. ಮದುವೆಯ ಅರಿಸಿನ ಆರುವ ಮೊದಲೇ ನಾನು ಮೈಸೂರಿನಿಂದ ಮ್ಯಾನ್‌ಹೈಮಿಗೆ ಬಂದಿದ್ದೆ. ಹೆಂಡತಿ ಸುಧಾಳ ವೀಸಾ ಮಾತ್ರ ಯಾವುದೋ ಕಚೇರಿಯ ಯಾವುದೋ ಮೇಜಿನ ಮೇಲೆ ತಿಂಗಳುಗಟ್ಟಲೆ ಆರಾಮವಾಗಿ ಮಲಗಿತ್ತು. ದಿನಾ ಆಫೀಸಿನಿಂದ ಬಂದು ಇಬ್ಬರಿಗಾಗುವಷ್ಟು ಅನ್ನ ಮಾಡಿ ಒಬ್ಬನೇ ಉಣ್ಣುತ್ತಿದ್ದೆ. ಅಕ್ಕಿಯ ಅಳತೆ ಗೊತ್ತಾಗುತ್ತಿಲ್ಲ ಎಂದು ಗೆಳೆಯರಿಗೆ ಹೇಳುತ್ತಿದ್ದೆ. ರಾತ್ರಿ ಸುಧಾಳಿಗೆ ಫೋನ್ ಮಾಡಿದರೆ ಕೊನೆಗೆ ಅವಳು 'ಇಡ್ಲಾ?' ಅನ್ನುತ್ತಿದ್ದಳು, ನಾನು 'ಸರಿ, ಇಡು. ನಾಳೆ ಮಾಡ್ತೀನಿ' ಅನ್ನುತ್ತಿದ್ದೆ.

ಕೊನೆಗೂ ವೀಸಾ ಬಂತು. ಅವಳು ಹೊರಡುವ ವಾರವೇ ಎದುರುಮನೆಯ ಊವೆ ನನ್ನ ಕರೆಗಂಟೆ ಒತ್ತಿದ. ಆ ಕಟ್ಟಡದಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಮೊದಲ ಮನುಷ್ಯ! ಸಂಭ್ರಮದಿಂದ ಬಾಗಿಲು ತೆರೆದರೆ ಅವನ ಕೈಯಲ್ಲಿ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ ಹಾವು.

"ಇವಳು ಹೆಲ್ಗಾ. ವಿಷ ಇಲ್ಲ. ಊಟ ಆಗಿದೆ. ನೀರು ಬದಲಿಸಿದರೆ ಸಾಕು. ನಾನು ರಜೆಗೆ ಹೋಗುತ್ತಿದ್ದೇನೆ. ನೀವು ಭಾರತದವರು, ನಿಮಗೆ ಹಾವು ಅಭ್ಯಾಸ ಇರುತ್ತದಲ್ಲ?"

ನನಗಿದ್ದ ಅಭ್ಯಾಸವೆಂದರೆ ಮೈಸೂರಿನ ಮೃಗಾಲಯದಲ್ಲಿ ಗಾಜಿನ ಈಚೆ ನಿಂತು ಕಡಲೆಕಾಯಿ ತಿಂದದ್ದು. ಆದರೆ ಅದನ್ನು ವಿವರಿಸಲು ಬೇಕಾದಷ್ಟು ಜರ್ಮನ್ ನನಗೆ ಬರುತ್ತಿರಲಿಲ್ಲ. 'ಯಾ' ಎನ್ನುವುದೊಂದು ಚೆನ್ನಾಗಿ ಬರುತ್ತಿತ್ತು. ಅಂದೆ.

ಸುಧಾ ಹಲ್ಲಿ ಕಂಡರೆ ಮಂಚ ಹತ್ತುವವಳು. ಅವಳು ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಸಹೋದ್ಯೋಗಿ ಸತೀಶನ ಮನೆಗೆ ಸಾಗಿಸಿದರಾಯಿತು, ಅವಳಿಗೆ ಸುದ್ದಿಯನ್ನೇ ಹೇಳುವುದು ಬೇಡ ಎಂದುಕೊಂಡೆ. ಅಲ್ಲಿಯವರೆಗೆ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಇದ್ದದ್ದು ನಿಜಕ್ಕೂ ಹಿತವಾಗಿತ್ತು. ಅದರೊಂದಿಗೆ ಕನ್ನಡದಲ್ಲಿ ಮಾತಾಡತೊಡಗಿದೆ. ಒಂದು ಸಂಜೆ ಸುಧಾಳ ಗುಣಗಾನ ಮಾಡುತ್ತಾ ನೀರು ಬದಲಿಸಿದೆ, ಮುಚ್ಚಳದ ಚಿಲಕ ಮರೆತೆ. ಬೆಳಿಗ್ಗೆ ಪೆಟ್ಟಿಗೆ ಖಾಲಿ.

ಸತೀಶ ಓಡಿಬಂದ. ಇಬ್ಬರೂ ಸೋಫಾ ಮಗುಚಿದೆವು, ಶೂಗಳನ್ನು ಕೊಡವಿದೆವು, ಅಕ್ಕಿ ಡಬ್ಬಿಯೊಳಗೂ ನೋಡಿದೆವು. ನಾನು ಟಾರ್ಚ್ ಹಿಡಿದು ಕಪಾಟಿನ ಅಡಿಗೆ ತಲೆ ತೂರಿಸಿದ್ದಾಗ ಸುಧಾಳ ಫೋನ್ ಬಂತು. ನಾನು ಹಲೋ ಎನ್ನುವುದಕ್ಕೂ ಸತೀಶ ಅಡುಗೆಮನೆಯಿಂದ ಕೂಗುವುದಕ್ಕೂ ಸರಿಹೋಯಿತು.

"ಗುರೂ, ಹೆಲ್ಗಾ ಬಾತ್‌ರೂಮಲ್ಲಿ ಇದ್ದಾಳಾ ನೋಡು!"

ಆ ಕಡೆಯಿಂದ ಸುಧಾ ಕೇಳಿದಳು, "ಯಾರ್ರೀ ಅದು ಹೆಲ್ಗಾ?"

ಹಾವು ಎಂದರೆ ಅವಳು ವಿಮಾನ ಹತ್ತುವುದಿಲ್ಲ. "ಎದುರುಮನೆಯವರ ಪೈಕಿ. ಅವರು ಊರಲ್ಲಿಲ್ಲ ನೋಡು, ಅದಕ್ಕೆ ನಮ್ಮಲ್ಲಿ ಬಿಟ್ಟು ಹೋಗಿದ್ದಾರೆ" ಎಂದೆ.

"ಚಿಕ್ಕ ಹುಡುಗೀನಾ?"

"ಇಲ್ಲ, ಬೆಳೆದಿದ್ದಾಳೆ."

"ಈಗ ಎಲ್ಲಿ?"

"ಮನೆಯೊಳಗೇ ಎಲ್ಲೋ ಇದ್ದಾಳೆ."

ನನ್ನ ಬದುಕಿನಲ್ಲಿ ಅಷ್ಟು ಪ್ರಾಮಾಣಿಕವಾದ ಉತ್ತರಗಳನ್ನು ಅಷ್ಟು ಕೆಟ್ಟದಾಗಿ ನಾನು ಎಂದೂ ಕೊಟ್ಟಿರಲಿಲ್ಲ.

"ನಾನು ಬರೋದು ಬೇಕಾ ಬೇಡ್ವಾ, ಈಗ್ಲೇ ಹೇಳಿಬಿಡಿ" ಎಂದಳು ಸುಧಾ. ಅವಳ ದನಿ ನಡುಗುತ್ತಿತ್ತು. "ಬಾ, ದಯವಿಟ್ಟು ಬಾ" ಎಂದಷ್ಟೇ ಹೇಳಿದೆ. ಫೋನ್ ಇಟ್ಟಳು.

ಹಾವಿಗೆ ಶಾಖ ಬೇಕು ಎಂಬುದು ಸತೀಶನ ಸಿದ್ಧಾಂತ. "ಮಗಾ, ಹಾಲ್‌ನಲ್ಲಿ ಮಾತ್ರ ಹೀಟರ್ ಇಟ್ಟು ಬೇರೆ ರೂಮುಗಳದ್ದೆಲ್ಲ ಆಫ್ ಮಾಡು. ಚಳಿಗೆ ತಾನೇ ಹಾಲ್‌ಗೆ ಬರ್ತಾಳೆ." ಮಾಡಿದೆ. ಹೆಲ್ಗಾ ಬರಲಿಲ್ಲ. ಮಲಗುವ ಕೋಣೆ ಮಾತ್ರ ಫ್ರಿಜ್ ಆಯಿತು. ನಾನು ರಜಾಯಿಯೊಳಗೆ ಮುದುಡಿ ಮಲಗಿದೆ.

ಸುಧಾ ಬಂದಿಳಿದಾಗಲೂ ಹೆಲ್ಗಾ ನಾಪತ್ತೆ. ವಿಮಾನ ನಿಲ್ದಾಣದಲ್ಲಿ ಅವಳು ಸ್ವೆಟರ್ ಮೇಲೆ ಶಾಲು ಹೊದ್ದು, ದೊಡ್ಡ ಸೂಟ್‌ಕೇಸಿನ ಹಿಂದೆ ಇನ್ನಷ್ಟು ಚಿಕ್ಕದಾಗಿ ಕಂಡಳು. ನೋಡಿ ನನ್ನ ಕಣ್ಣು ಮಂಜಾಯಿತು. ಅವಳು ಮಾತ್ರ ಕಾರಿನಲ್ಲಿ ಉದ್ದಕ್ಕೂ ಕಿಟಕಿಯಾಚೆಗೇ ನೋಡುತ್ತಿದ್ದಳು. ಸತೀಶ ನಮ್ಮನ್ನು ಬಾಗಿಲಲ್ಲಿ ಇಳಿಸಿ, "ಸಂಜೆ ಬರ್ತೀನಿ" ಎಂದು ಪರಾರಿಯಾದ.

ಸುಧಾ ಒಳಗೆ ಬಂದವಳೇ ಅಡುಗೆಮನೆಯಲ್ಲಿ ಎಷ್ಟು ಲೋಟ ಎಂಜಲಾಗಿವೆ ನೋಡಿದಳು. ಬಚ್ಚಲಲ್ಲಿ ಬಾಚಣಿಗೆ ಎತ್ತಿ ಕೂದಲು ಪರೀಕ್ಷಿಸಿದಳು. ಆಮೇಲೆ ಮಲಗುವ ಕೋಣೆಗೆ ನಡೆದು, ಮಂಚದ ಬಳಿ ತಟ್ಟನೆ ನಿಂತಳು.

ಎರಡನೆಯ ದಿಂಬಿನ ಮೇಲೆ ಅವಳದೇ ಹಳೆಯ ಹತ್ತಿಯ ಸೀರೆಯಿತ್ತು. ನಾನು ಹೊರಡುವಾಗ ಉಪ್ಪಿನಕಾಯಿ ಬಾಟಲಿ ಒಡೆಯದಿರಲೆಂದು ಅವಳೇ ಸುತ್ತಿಕೊಟ್ಟದ್ದು. ಒಗೆದರೆ ಅವಳ ವಾಸನೆ ಹೋಗುತ್ತದೆಂದು ಒಗೆದಿರಲಿಲ್ಲ. ಹಾವು ಹುಡುಕುವಾಗಲೂ ಅದರ ಮಡಿಕೆ ಕೆಡಿಸಲು ಮನಸ್ಸು ಬಂದಿರಲಿಲ್ಲ.

"ಇದನ್ನ ಇಟ್ಕೊಂಡಿದ್ದೀರಾ?" ಅವಳ ಕಣ್ಣು ತುಂಬಿತು. ಮೆಲ್ಲಗೆ ಸೀರೆ ಎತ್ತಿದಳು.

ಕೆಳಗೆ ಹೆಲ್ಗಾ ಸುರುಳಿ ಸುತ್ತಿ ಮಲಗಿದ್ದಳು.

ಸುಧಾ ಚೀರಲಿಲ್ಲ. ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದಳು. "ಇವಳೇನಾ?"

"ಇವಳೇ."

"ನನ್ನ ಜಾಗದಲ್ಲಿ ಮಲಗಿಸಿಕೊಂಡಿದ್ದೀರಿ."

ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಕೈಗೆ ಏನೋ ತಣ್ಣಗೆ ತಗುಲಿದ್ದು ಆಗ ನೆನಪಾಯಿತು. ಸುಧಾಳೇ ಬಂದಳೆಂದುಕೊಂಡು, "ಎಷ್ಟು ತಣ್ಣಗಿದ್ದೀಯ, ಹತ್ತಿರ ಬಾ" ಎಂದು ಸವರಿದ್ದೆ. ಅವಳಿಗೆ ಅದನ್ನೂ ಹೇಳಿಬಿಟ್ಟೆ. ಮೊದಲು ಅವಳು ನಕ್ಕಳು, ನಗುತ್ತಲೇ ಅತ್ತಳು, ಆಮೇಲೆ ನನ್ನ ಕೈ ನೋಡಿ ಸೋಪು ತೋರಿಸಿದಳು.

ಪೊರಕೆ, ಬಾಣಲೆ, ದೇವರ ನಾಮಗಳ ನೆರವಿನಿಂದ ಹೆಲ್ಗಾಳನ್ನು ಪೆಟ್ಟಿಗೆಗೆ ಸೇರಿಸಿದೆ. ಸತೀಶ ಬಂದು ಒಯ್ಯುವವರೆಗೆ ಪೆಟ್ಟಿಗೆಯೂ ನಾನೂ ಮಲಗುವ ಕೋಣೆಯಲ್ಲೇ ಇರತಕ್ಕದ್ದು ಎಂದು ಆಜ್ಞೆಯಾಯಿತು. ಸುಧಾ ಹೊರಗಿನಿಂದ ಚಿಲಕ ಹಾಕಿ ಹಾಲ್‌ನ ಸೋಫಾದ ಮೇಲೆ ಮಲಗಿದಳು.

ನಡು ಮಧ್ಯಾಹ್ನ. ಬಾಗಿಲಿಗೆ ಕಿವಿಯಿಟ್ಟು ಕೂತೆ. ಅವಳ ಬಳೆಯ ಸದ್ದು ಎಷ್ಟು ಹತ್ತಿರದಲ್ಲಿತ್ತು.

"ಸುಧಾ, ಪ್ರಯಾಣ ಸುಸ್ತಾಯ್ತಾ?"

"ಹೂಂ."

"ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ನೀವು ಸಣ್ಣಗಾಗಿದ್ದೀರಿ." ಒಂದು ಆಕಳಿಕೆ ಕೇಳಿತು. "ನಿದ್ದೆ ಬರ್ತಿದೆ. ಇಡ್ಲಾ?"

"ಸರಿ, ಇಡು. ನಾಳೆ ಮಾಡ್ತೀನಿ" ಎಂದೆ.