ನಮ್ಮ ಬಿಲ್ಡಿಂಗಿನ ಡೋಪಿಂಗ್ ಚಾಚಾ

ನಾನು ಮಾಡಿದ ಹೋಳಿಗೆಯನ್ನು ಮೂಸಿ ನೋಡಿ, ಬೆಳಕಿಗೆ ಹಿಡಿದು ನೋಡಿ, ವಿಚಾರಣೆ ನಡೆಸಿ, ಕೊನೆಗೆ ಮರ್ಯಾದೆಯಿಂದ ವಾಪಸು ಕಳಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ನನ್ನ ಗ್ರಹಚಾರಕ್ಕೆ ಅವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಮದುವೆಯಾಗಿ ಬೆಳಗಾವಿಯಿಂದ ಮುಂಬಯಿಯ ಈ ಸಾಂತಾಕ್ರೂಜ್‌ಗೆ ಬಂದಾಗಿನಿಂದ ನನ್ನ ಹೋಳಿಗೆಗೆ ಗುಜರಾತಿಗಳು ಸೋತಿದ್ದಾರೆ, ಪೂರಣಪೋಳಿಯ ಮರಾಠಿಗರೇ ಸೋತಿದ್ದಾರೆ, ಸೊಸೈಟಿಯ ಸೆಕ್ರೆಟರಿ ಸೋತು ನಮಗೆ ಪಾರ್ಕಿಂಗ್ ಕೊಟ್ಟಿದ್ದಾರೆ! ಚಾಚಾ ಮಾತ್ರ ಕೇಳಿದರು: "ಇದರಾಗ ಏನೇನ್ ಹಾಕೀರಿ, ಅಕ್ಕಾರ?"

"ಕಡ್ಲಿಬ್ಯಾಳಿ, ಬೆಲ್ಲ, ಯಾಲಕ್ಕಿ, ಚೂರು ಜಾಜಿಕಾಯಿ."

"ಜಾಜಿಕಾಯಿ?" ಚಾಚಾ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. "ತಪ್ಪು ತಿಳಕೋಬ್ಯಾಡ್ರಿ. ಅದು ನಶಾದ ಸಾಮಾನು. ಲ್ಯಾಬಿನವರು ಏನಂತಾರೋ ಯಾರಿಗೆ ಗೊತ್ತು."

ಹೋಳಿಗೆಗೂ ಲ್ಯಾಬಿಗೂ ಏನು ಸಂಬಂಧ ಅನ್ನುತ್ತೀರಾ? ಚಾಚಾನ ಒಬ್ಬಳೇ ಮಗಳು ಸಮೀನಾ ಬಾಕ್ಸರ್. ಲೈಸೆನ್ಸು, ಪ್ರೊಮೋಟರು, ಟಿಕೆಟ್ಟು ಎಲ್ಲ ಇರುವ ಪ್ರೊಫೆಷನಲ್ ಬಾಕ್ಸಿಂಗ್. ಚಾಚಾ ವಿಜಯಪುರದವರು, ಸ್ಟೇಷನ್ ಹತ್ತಿರ ಅವರದೊಂದು ಟೇಲರಿಂಗ್ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಮಗಳಿಗೆ ಜಡೆ ಹಾಕುವುದರಿಂದ ಹಿಡಿದು ಬಾಕ್ಸಿಂಗ್ ಚಡ್ಡಿ ಹೊಲಿಯುವವರೆಗೆ ಎಲ್ಲವನ್ನೂ ಅವರೇ ಮಾಡಿದ್ದಾರೆ.

ಮೊದಲು ಅವರು ಹೀಗಿರಲಿಲ್ಲ. ಯುಗಾದಿಗೆ ನನ್ನ ಹೋಳಿಗೆ ಅತ್ತ ಹೋಗುತ್ತಿತ್ತು, ಈದ್‌ಗೆ ಅವರ ಶೀರ್‌ಕುರ್ಮಾ ಇತ್ತ ಬರುತ್ತಿತ್ತು. ಎಲ್ಲ ಕೆಡಿಸಿದ್ದು ಒಂದು ನಿಯಮ. ಲೈಸೆನ್ಸ್ ಬಂದ ದಿನ ಸಮೀನಾಳ ಕೋಚ್ ಅಪ್ಪ-ಮಗಳಿಬ್ಬರನ್ನೂ ಕೂರಿಸಿಕೊಂಡು ನಿಷೇಧಿತ ಔಷಧಗಳ ಲಿಸ್ಟ್ ಓದಿ ಹೇಳಿದರಂತೆ: ಇವುಗಳಲ್ಲೊಂದು ಮೈಯಲ್ಲಿ ಸಿಕ್ಕರೆ ಅದು ಹೇಗೆ ಬಂತು, ಯಾರು ಕೊಟ್ಟರು, ಗೊತ್ತಿದ್ದು ತಿಂದೆಯೋ ಗೊತ್ತಿಲ್ಲದೆಯೋ, ಏನೇ ಇರಲಿ, ಹೊಣೆ ಬಾಕ್ಸರ್‌ದೇ. ಕೆಮ್ಮಿನ ಸಿರಪ್ ಕೂಡ ಮುಳುಗಿಸಬಹುದು. ಮಗಳು "ಓಕೆ ಸರ್" ಎಂದು ಸಹಿ ಹಾಕಿ ಎದ್ದಳು. ಅಪ್ಪನ ತಲೆಯೊಳಗೆ ಹೊಕ್ಕ ಆ ನಿಯಮ ಮತ್ತೆ ಹೊರಗೆ ಬರಲೇ ಇಲ್ಲ.

ಒಮ್ಮೆ ಸಮೀನಾಗೆ ನೆಗಡಿಯಾಯಿತು. ಡಾಕ್ಟರ್ ಪಾಪ ಹೆದರಿ ಮಾತ್ರೆಯನ್ನೇ ಬರೆಯಲಿಲ್ಲ, ಬಿಸಿನೀರಿನ ಹಬೆ ತೆಗೆದುಕೋ ಎಂದರು. ಚಾಚಾ ಬಾಗಿಲವರೆಗೆ ಹೋದವರು ಹಿಂತಿರುಗಿ ಬಂದು, "ನಳದ ನೀರೋ, ಬಾಟಲಿ ನೀರೋ, ಡಾಕ್ಟರ್ ಸಾಬ್?" ಎಂದು ಕೇಳಿದರಂತೆ. ಆ ಡಾಕ್ಟರ್ ಈಗ ಚಾಚಾನನ್ನು ದೂರದಲ್ಲಿ ಕಂಡರೂ ಫೋನ್ ಕಿವಿಗಿಟ್ಟುಕೊಳ್ಳುತ್ತಾರೆ.

ಚೆಂಬೂರಿನ ಮದುವೆಯ ಕಥೆ ಇದಕ್ಕಿಂತ ದೊಡ್ಡದು. ಹತ್ತಿರದ ನೆಂಟರ ಮನೆಯ ಮದುವೆ, ಬಿರಿಯಾನಿಯ ಪರಿಮಳ ಹಾಲ್ ತುಂಬ. ಚಾಚಾ ಚೀಲದಿಂದ ಟಿಫನ್ ಡಬ್ಬಿ ತೆಗೆದು ಮಗಳ ಮುಂದೆ ರೊಟ್ಟಿ, ಹೆಸರುಕಾಳಿನ ಪಲ್ಯ ಇಟ್ಟರು. ಮದುಮಗಳ ತಂದೆಗೆ ಸಿಟ್ಟು ಬಂತು: "ನಮ್ಮ ಬಿರಿಯಾನಿ ಮ್ಯಾಲೆ ಭರೋಸಾ ಇಲ್ಲೇನು?"

"ಬಿರಿಯಾನಿ ಮ್ಯಾಲೆ ಐತಿ, ಭಾಯಿ," ಎಂದರು ಚಾಚಾ. "ಕುರಿ ಮ್ಯಾಲಿಲ್ಲ. ಅದಕ್ಕ ಯಾರು ಯಾವ ಇಂಜೆಕ್ಷನ್ ಕೊಟ್ಟಾರೋ."

ಇಷ್ಟರ ಮೇಲೆ ಸಮೀನಾ ಒಬ್ಬ ಎದುರಾಳಿಯನ್ನು ಎರಡನೇ ರೌಂಡಿನಲ್ಲೇ ಮಲಗಿಸಿಬಿಟ್ಟಳು. ನಾವೆಲ್ಲ ಮಿಠಾಯಿ ಹಂಚಿದೆವು (ಚಾಚಾ ಮೂಸಿದರು). ಆದರೆ ಆ ವೀಡಿಯೊ ಫೋನಿಂದ ಫೋನಿಗೆ ಓಡಾಡಿತು, ಕೆಳಗೆ ಜನ ಬರೆದರು: ಇದು ದಾಲ್-ಚಾವಲ್ ತಿಂದ ತೋಳಲ್ಲ, ಇದರೊಳಗೆ ಸೂಜಿ ಹೋಗಿದೆ. ಸೋತವಳ ಕಡೆಯವರೂ ಹಾಗೇ ಗುಸುಗುಸು ಎಂದರು. ಮುಂದೆ ಬೆಲ್ಟ್‌ಗಾಗಿ ದೊಡ್ಡ ಪಂದ್ಯವಿತ್ತು. ಪ್ರೊಮೋಟರ್ ಕರೆದು, ಡೋಪಿಂಗ್ ಟೆಸ್ಟ್‌ನವರು ಯಾವಾಗ ಬೇಕಾದರೂ ಬರಬಹುದು, ಸ್ವಲ್ಪ ಏರುಪೇರಾದರೂ ಪಂದ್ಯ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ ಎಂದರು.

ಆಗ ಚಾಚಾ ಟೇಪ್ ತೆಗೆದರು. ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬಂದು ಮಗಳ ತೋಳಿನ ಸುತ್ತಳತೆ ನೋಡುವುದು! "ಬೆಳೀಬೇಕು. ಖರೆ ನಿಧಾನಕ್ಕ ಬೆಳೀಬೇಕು," ಎಂಬುದು ಅವರ ಶಾಸ್ತ್ರ. ಸಮೀನಾ ನನ್ನ ಹತ್ತಿರ ಬಂದು ಗೋಳಾಡುತ್ತಿದ್ದಳು: "ಆಂಟಿ, ಬಾಹರ್‌ವಾಲೇ ಡೌಟ್ ಮಾಡ್ತಾರ, ಠೀಕ್ ಹೈ. ಮನೀಯಾಗ ಭೀ ಟೇಪ್ ಹಿಡೀತಾರ."

ನಾನೇ ಒಂದು ದಿನ ಅಂಗಡಿಗೆ ಹೋಗಿ ಚಾಚಾನನ್ನು ಬೈದೆ. ಅವರು ಮಷಿನ್ ನಿಲ್ಲಿಸಿ, ಕೆಮ್ಮಿ, ಕೆಳಗೆ ನೋಡುತ್ತ ಹೇಳಿದರು: "ಹೊಡತ ತಿಂದ್ರ ಮಾಯತೈತಿ, ಅಕ್ಕಾರ. ಹೆಸರು ಹೋದ್ರ ಯಾವ ಡಾಕ್ಟರ್ ಕಡೆ ಕರಕೊಂಡ್ ಹೋಗ್ಲಿ?"

ಟೆಸ್ಟ್‌ನವರು ಬಂದದ್ದು ರಮ್ಜಾನ್ ತಿಂಗಳಲ್ಲಿ, ಒಂದು ಸಂಜೆ. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಚೀಲ, ಗಂಭೀರ ಮುಖದ ಒಬ್ಬ ಮರಾಠಿ ಹೆಂಗಸು. ಮನೆಯಲ್ಲಿ ಬೇರೆ ಹೆಂಗಸರಿಲ್ಲವೆಂದು ಚಾಚಾ ನನ್ನನ್ನು ಕರೆದರು. ಬೇಕಾದದ್ದು ಸಮೀನಾಳ ಮೂತ್ರದ ಸ್ಯಾಂಪಲ್, ಅಷ್ಟೇ. ಆದರೆ ಹುಡುಗಿ ಬೆಳಗಿನಿಂದ ರೋಜಾ ಇದ್ದಾಳೆ, ಒಂದು ಹನಿ ನೀರು ಕುಡಿದಿಲ್ಲ. ಎಲ್ಲಿಂದ ಬರಬೇಕು? ಕೊಡುವವರೆಗೆ ಅವಳನ್ನು ಕಣ್ಣಳತೆಯಿಂದ ಬಿಡುವಂತಿಲ್ಲ, ಇದು ಆ ಹೆಂಗಸಿನ ನಿಯಮ. ಹೀಗಾಗಿ ಸಮೀನಾ ಅಡುಗೆಮನೆಗೆ ಹೋದರೆ ಆಕೆಯೂ ಹೋದರು, ಬಾಲ್ಕನಿಗೆ ಬಂದರೆ ಆಕೆಯೂ ಬಂದರು.

ಮೂತ್ರಕ್ಕೆಂದು ಮನೆಗೆ ಬಂದ ಅತಿಥಿಯನ್ನು ಹೇಗೆ ಉಪಚರಿಸಬೇಕೆಂದು ಯಾರಿಗೆ ಗೊತ್ತು? ಚಾಚಾ ಮೊದಲು ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿದು ತಾಳೆ ನೋಡಿದರು. ಆಮೇಲೆ ಫ್ಯಾನ್ ಕೆಳಗೆ ಕುರ್ಚಿ ಹಾಕಿದರು. ಆಮೇಲೆ ಆಕೆಯ ಚೀಲದ ಬಾಟಲಿಗಳ ಸೀಲ್ ತೋರಿಸಿ ಎಂದರು. ಶರಬತ್ತು ಬೇಡವೆಂದು ಆಕೆ ಅಂದಾಗ ಚಾಚಾನ ಮುಖ ಅರಳಿತು. "ಭಾಳ ಛಲೋ. ಯಾರ ಕೈದೂ ಕುಡೀಬಾರದು," ಎಂದು ಮೆಚ್ಚಿಕೊಂಡರು. ಅಂತೂ ಈ ಊರಿನಲ್ಲಿ ಅವರಿಗೆ ತಕ್ಕ ಒಬ್ಬರು ಸಿಕ್ಕಿದ್ದರು.

ಆಜಾನ್ ಕೇಳಿಸಿತು. ಅಪ್ಪ ಮಗಳು ಖರ್ಜೂರ ಬಾಯಿಗಿಟ್ಟು ರೋಜಾ ಬಿಟ್ಟರು. ಸಮೀನಾ ಸೀಲ್ ಒಡೆದ ಬಾಟಲಿಯನ್ನು ಗಟಗಟ ಖಾಲಿ ಮಾಡುತ್ತಿದ್ದಂತೆ ಚಾಚಾ ಸದ್ದಿಲ್ಲದೆ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹುಡುಗಿಯ ಮುಖ ಕಪ್ಪಿಟ್ಟಿತು.

"ದೇಖೋ ಆಂಟಿ. ರೋಜ್ ಹಿಂಗ. ತಿಂದ್ ಕೂಡ್ಲೇ ಕೆಳಗ. ಮೇಲ್ ಬರೋದ್ರಾಗ ಕೆಮ್ಮು. ಸಿಗರೇಟ್, ಪಕ್ಕಾ. ಜೇಬ್ ಭೀ ಚೆಕ್ ಮಾಡೀನಿ, ಎಲ್ಲೋ ಛುಪಾತಾರ. ನನಗ ಇಷ್ಟ್ ರೂಲ್, ತಾವ್ ಮಾತ್ರ..."

ಹೇಳುತ್ತಲೇ ಅವಳು ಬಾಗಿಲು ದಾಟಿದಳು. ಅವಳ ಹಿಂದೆ ನಿಯಮದ ಪ್ರಕಾರ ಟೆಸ್ಟ್‌ನ ಹೆಂಗಸು. ಅವರ ಹಿಂದೆ ಯಾವ ನಿಯಮವೂ ಇಲ್ಲದ ನಾನು! ಮೆಟ್ಟಿಲಲ್ಲಿ ಎದುರಾದ ಸೆಕ್ರೆಟರಿ ಈ ಮೆರವಣಿಗೆಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡರು.

ಕೆಳಗೆ ಕರೆಂಟ್ ಮೀಟರುಗಳ ಪಕ್ಕ ಚಾಚಾ ಗೋಡೆಗೆ ಒರಗಿ ನಿಂತಿದ್ದರು. ಎದೆಯಿಂದ ಸುಂಯ್ ಎಂಬ ಸದ್ದು ನಮಗೇ ಕೇಳುತ್ತಿತ್ತು. ಅವರು ಮೀಟರ್ ಪೆಟ್ಟಿಗೆಯ ಹಿಂದೆ ಕೈ ಹಾಕಿ ಏನನ್ನೋ ಹೊರತೆಗೆದರು. ಸಿಗರೇಟಲ್ಲ. ಉಬ್ಬಸದವರು ಬಾಯಿಗಿಟ್ಟು ಒತ್ತಿಕೊಳ್ಳುವ ನೀಲಿ ಪಂಪು.

"ಅಬ್ಬಾ, ಯೇ ಕ್ಯಾ ಹೈ?" ಸಮೀನಾ ಅಪ್ಪನನ್ನು ಕೇಳಿದಳು.

ಚಾಚಾ ಬೆಚ್ಚಿ ಅದನ್ನು ಬೆನ್ನ ಹಿಂದೆ ಮರೆಮಾಡಿದರು. "ತೂ ಊಪರ್ ಜಾ ಬೇಟಿ. ನಜದೀಕ್ ನಕ್ಕೋ ಆ." ಹತ್ತಿರ ಬರಬೇಡವೆಂದು ಅವಳಿಗೆ ಕೈ ಅಡ್ಡ ಹಿಡಿದು, ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಮಾತಿಗೆ ನಿಂತು ಹೇಳಿದರು. "ಅಂಗಡ್ಯಾಗ ಅರಿವಿ ಧೂಳಿಗೆ ದಮ್ಮು ಹಿಡದೈತಿ, ಅಕ್ಕಾರ. ಡಾಕ್ಟರ್ ಇದನ್ನ ಕೊಟ್ಟಾರ. ಇದರ ಔಷಧದ ಹೆಸರು ಅಕೀ ಲಿಸ್ಟಿನಾಗ ಐತಿ, ಕೋಚ್ ಓದಿದ್ದು ಕೇಳೀನಿ. ಮನೀಯಾಗ ನಾ ಬಿಟ್ಟ ಉಸಿರು ಅಕೀ ಎಳಕೊಂಡ್ರ? ಅದಕ್ಕ ಇದನ್ನ ಒಳಗ ತಂದಿಲ್ಲ."

ಆ ಗಂಭೀರ ಮುಖದ ಹೆಂಗಸೇ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: ಹಾಗೆ ಗಾಳಿಯಲ್ಲಿ ಅಂಟುವುದಿಲ್ಲ ಚಾಚಾಜಿ, ಉಬ್ಬಸವಿರುವ ಆಟಗಾರರೇ ಇದನ್ನು ಮಿತಿಯೊಳಗೆ ಎಳೆದುಕೊಳ್ಳಬಹುದು, ನೀವು ಮನೆಯೊಳಗೇ ತೆಗೆದುಕೊಳ್ಳಿ. ಚಾಚಾ ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಸಮೀನಾ ಅಳುತ್ತಿದ್ದಳು. ರಿಂಗಿನಲ್ಲಿ ಹುಬ್ಬು ಸೀಳಿ ರಕ್ತ ಬಂದಾಗಲೂ ಅಳದ ಹುಡುಗಿ! ನನಗೂ ಕಣ್ಣು ತುಂಬಿ ಮೀಟರುಗಳೆಲ್ಲ ಮಸುಕಾದವು. ಇವರನ್ನು ನೋಡಿ ಎಷ್ಟು ನಕ್ಕಿದ್ದೇವೆ ನಾವು. ಆ ದಿನದ ಸ್ಯಾಂಪಲ್ ಶುದ್ಧವೆಂದೇ ಬಂತು, ಪಂದ್ಯವೂ ಉಳಿಯಿತು. ಆದರೆ ಅದೆಲ್ಲ ಆಮೇಲಿನ ಮಾತು.

ಚಾಚಾನಿಗೆ ಉಸಿರು ಸಾಲುತ್ತಿರಲಿಲ್ಲ. ಪಂಪನ್ನು ಬಾಯಿಗಿಟ್ಟು ಒತ್ತಿ, ಎಳೆದು, ಬಿಡುವ ಹೊತ್ತಿಗೆ ಮಗಳಿಗೆ ತಾಗದಿರಲೆಂದು ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಸಮೀನಾ ಹತ್ತಿರ ಹೋಗಿ ಎರಡೂ ಕೈಯಿಂದ ಅಪ್ಪನ ಗಲ್ಲ ಹಿಡಿದು ಆ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇಧರ್ ಛೋಡೋ, ಅಬ್ಬಾ," ಎಂದಳು.

ಅವರು ತಲೆ ಅಲ್ಲಾಡಿಸಿದರು. ಅವಳು ಕೈ ಬಿಡಲಿಲ್ಲ. ಕೊನೆಗೆ ಚಾಚಾ, ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಮಗಳ ಮುಖದ ಮೇಲೆಯೇ ಮೆಲ್ಲಗೆ ಬಿಟ್ಟರು.