ಸಿದ್ದಪ್ಪ ಇಪ್ಪತ್ತೆಂಟು ಸಲ ಪಾಸಾದದ್ದು

ಪಾಠ ಹೇಳುವವರಿಗೆ ತಾವು ಹೇಳಿದ್ದೆಲ್ಲ ಎದುರಿಗಿರುವವರ ತಲೆಗೆ ಇಳಿದಿದೆ ಎಂಬ ನಂಬಿಕೆ ಬಹಳ ಬೇಗ ಬಂದುಬಿಡುತ್ತದೆ. ನನಗಂತೂ ಎದುರಿಗೆ ಯಾರೂ ಇಲ್ಲದಾಗಲೇ ಬಂದಿತ್ತು. ಮುಂಬೈ ಪಕ್ಕದ ರಬಾಳೆಯಲ್ಲಿ ಔಷಧಿ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಟ್ರೈನಿಂಗ್ ಆಫೀಸರ್ ಆಗಿದ್ದೆ. ಆ ವಿಭಾಗದಲ್ಲಿ ನನ್ನ ಮೇಲೂ ಯಾರೂ ಇರಲಿಲ್ಲ, ಕೆಳಗೂ ಯಾರೂ ಇರಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯಕ್ಕೆ ವಿರೋಧವೇ ಇರಲಿಲ್ಲ. ಟಚ್ ಫೋನು ಆಗತಾನೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಸುರಕ್ಷತೆಯ ಪಾಠವನ್ನು ಇನ್ನು ಕಂಪ್ಯೂಟರಿನಲ್ಲೇ ಮಾಡಿ ಎಂದು ಹೆಡ್ ಆಫೀಸಿನಿಂದ ಮೇಲ್ ಬಂತು. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ, ಮದುವೆಯಾಗಿ ಠಾಣೆಯ ಮಾಜಿವಾಡಾಕ್ಕೆ ಬಂದು, ಕಲಿತ ವಿದ್ಯೆಯನ್ನು ಗಂಡನ ಮೇಲೆ ಮಾತ್ರ ಪ್ರಯೋಗಿಸುತ್ತಿದ್ದ ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ.

ಮೂರು ವಾರ ಕೂತು ನಲವತ್ತು ಸ್ಲೈಡಿನ ಪಾಠ ಮಾಡಿದೆ. ವಿಷಯ ಸಣ್ಣದು. ಮಷೀನಿನೊಳಗೆ ಮುಚ್ಚಳ ಸಿಕ್ಕಿಕೊಂಡರೆ ಮೊದಲು ಮೇನ್ ಸ್ವಿಚ್ ಆರಿಸಬೇಕು, ಅದಕ್ಕೆ ಬೀಗ ಹಾಕಿ ಬೀಗದಕೈಯನ್ನು ತಾನೇ ಇಟ್ಟುಕೊಳ್ಳಬೇಕು, ಸ್ಟಾರ್ಟ್ ಬಟನ್ ಒತ್ತಿ ಮಷೀನು ನಿಜವಾಗಿಯೂ ನಿಂತಿದೆಯೇ ಎಂದು ನೋಡಬೇಕು, ಆಮೇಲೆ ಕೈ ಹಾಕಬೇಕು. ಇಷ್ಟಕ್ಕೆ ಚಿತ್ರ, ಗಂಟೆ, ಸರಿಯುತ್ತರಕ್ಕೆ ಚಪ್ಪಾಳೆ ತಟ್ಟುವ ಒಂದು ಹೆಲ್ಮೆಟ್ಟು. ಹಿಂದಿ ದನಿ ನನ್ನದೇ. ನನ್ನ ಹಿಂದಿಯಲ್ಲಿ ಸ್ತ್ರೀಲಿಂಗ ಪುಲ್ಲಿಂಗಗಳು ಠಾಣೆ ಲೋಕಲ್ ರೈಲಿನ ಪ್ರಯಾಣಿಕರಂತೆ, ಜಾಗ ಸಿಕ್ಕ ಕಡೆ ನುಗ್ಗಿ ಕೂರುತ್ತವೆ. ಕೊನೆಗೆ ಪರೀಕ್ಷೆ. ಎಲ್ಲರೂ ಪಾಸಾಗಲೇಬೇಕು ಎಂದು ನೋಟಿಸು ಹಾಕಿದೆ. ಆದರು ಕೂಡ! ಇಪ್ಪತ್ತೆಂಟು ಜನರಿಗೂ ನೂರಕ್ಕೆ ನೂರು. ಪ್ಲಾಂಟ್ ಮ್ಯಾನೇಜರ್ ಜೋಶಿ ಸಾಹೇಬರು ಪೇಡೆ ತರಿಸಿ, “ಕ್ಯಾ ಬಾತ್ ಹೈ ಮೇಡಂ, ಸಗಳೇ ಪಾಸ್!” ಎಂದರು. ನಾನು ಎರಡು ಪೇಡೆ ತಿಂದೆ.

ಮುಂದಿನ ವಾರ ಆ ಹೆಮ್ಮೆಯಲ್ಲೇ ಶಾಪ್ ಫ್ಲೋರಿನಲ್ಲಿ ಅಡ್ಡಾಡುತ್ತಿದ್ದೆ. ಮೂರನೇ ಮಷೀನಿನ ಯಾದವ್ ಓಡುತ್ತಿರುವ ಮಷೀನಿನೊಳಗೆ ಮೊಣಕೈವರೆಗೂ ಕೈ ಹಾಕಿ ಮುಚ್ಚಳ ಹುಡುಕುತ್ತಿದ್ದ. “ಅಯ್ಯೋ, ಕೈ ತೆಗೀರೀ!” ಎಂದು ಕನ್ನಡದಲ್ಲೇ ಕಿರುಚಿದೆ. ಭಾಷೆ ತಿಳಿಯದಿದ್ದರೂ ದನಿಗೆ ಹೆದರಿ ಆತ ಕೈ ಎಳೆದುಕೊಂಡ. ಮರುಕ್ಷಣವೇ ಅಚ್ಚು ಧಡ್ ಎಂದು ಮುಚ್ಚಿಕೊಂಡಿತು. ನಿಮಗೆ ನೂರಕ್ಕೆ ನೂರು ಬಂದಿತ್ತಲ್ಲ ಎಂದು ತೊದಲಿದೆ. “ವೋ ಪೇಪರ್ ತೋ ಸಿದ್ದಪ್ಪಾ ನೇ ದಿಯಾ ಥಾ, ಮೇಡಂ,” ಎಂದ. “ಸಬ್ ಕಾ ಉಸೀ ನೇ ದಿಯಾ.”

ಸಿದ್ದಪ್ಪ ವಿಜಯಪುರದ ಕಡೆಯವರು. ನಲವತ್ತು ದಾಟಿದ, ಮಾತಿಗಿಂತ ಮೀಸೆ ಹೆಚ್ಚಿದ್ದ ಮನುಷ್ಯ. ಕ್ಯಾಂಟೀನಿನಲ್ಲಿ ಹಿಡಿದು ಕೇಳಿದರೆ ಒಂದಿಷ್ಟೂ ಮುಚ್ಚಿಡಲಿಲ್ಲ.

“ಹೌದ್ರಿ ಮೇಡಮ್ಮಾರೆ, ಎಲ್ಲಾರದೂ ನಾನೇ ಬರದೀನ್ರಿ. ಶಿಫ್ಟ್ ಮುಗದ ಮ್ಯಾಲೆ ಅವರು ಕಲ್ಯಾಣ, ಡೊಂಬಿವಲಿ ಅಂತ ಗಾಡಿ ಹಿಡೀಬೇಕ್ರಿ. ನನ್ನ ರೂಮು ಇಲ್ಲೇ ಐತಿ.”

“ಅದು ತಪ್ಪಲ್ವೇನ್ರೀ?”

“ನೀವು ಪಾಸ್ ಆಗಬೇಕು ಅಂತ ನೋಟಿಸ್ ಹಾಕೀರಿ. ಕಲೀಬೇಕು ಅಂತ ಎಲ್ಲಿ ಹಾಕೀರಿ?”

ಹಾಗಾದರೆ ನಿಮಗಾದರೂ ಬರುತ್ತದೆಯೇ ಎಂದೆ. ಅವರು ಎದ್ದು ನಿಂತು ನಲವತ್ತೂ ಸ್ಲೈಡು ಒಪ್ಪಿಸಿದರು, ನನ್ನ ತಪ್ಪು ಲಿಂಗಗಳ ಸಮೇತ.

ಜೋಶಿ ಸಾಹೇಬರಿಗೆ ಹೋಗಿ ನಡೆದದ್ದು ಹೇಳಿದೆ. “ನಿಕಾಲೋ ಉಸ್ ಕೋ!” ಎಂದರು. ಇಡೀ ಕಾರ್ಖಾನೆಯಲ್ಲಿ ಪಾಠ ಕಲಿತವರು ಸಿದ್ದಪ್ಪ ಒಬ್ಬರೇ, ಅವರನ್ನೂ ಕಳಿಸಿದರೆ ನಾನು ಯಾರ ಫಲಿತಾಂಶ ತೋರಿಸಲಿ ಎಂದು ಗಟ್ಟಿಯಾಗಿಯೇ ಕೇಳಿದೆ. ಎಲ್ಲರಿಗೂ ನಿಜವಾಗಿ ಕಲಿಸಲು ಸಾಹೇಬರು ಒಂದು ತಿಂಗಳ ಸಮಯ ಕೊಟ್ಟರು. ತಪ್ಪಿದರೆ ಸಿದ್ದಪ್ಪನ ಜೊತೆ ನಾನೂ ಹೊರಗೆ ಎಂಬುದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಂದು ಗಾಡಿಯಲ್ಲಿ ಯೋಚಿಸಿದೆ. ಈ ಊರಿಗೆ ಬಂದ ಹೊಸತರಲ್ಲಿ ನನಗೆ ಲೋಕಲ್ ಇಳಿಯಲು ಕಲಿಸಿದ್ದು ಒಬ್ಬ ನರ್ಸ್ ಬಾಯಿ. ಭುಜ ಹಿಡಿದು ಗಾಡಿ ಹೋಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ನಾನು ಸರಿಯಾಗಿ ಇಳಿದೆನೇ ಎಂದು ಬಾಗಿಲಿನಿಂದ ಬಗ್ಗಿ ನೋಡಿದ್ದಳು. ನನ್ನ ಹೆಲ್ಮೆಟ್ಟು ಚಪ್ಪಾಳೆ ತಟ್ಟಿತ್ತೇ ಹೊರತು ಯಾರ ಕೈ ಎಲ್ಲಿದೆ ಎಂದು ನೋಡಿರಲಿಲ್ಲ. ಮರುದಿನವೇ ಸಿದ್ದಪ್ಪನನ್ನು ಮಷೀನಿನ ಪಕ್ಕ ನಿಲ್ಲಿಸಿ ಫೋನಿನಲ್ಲಿ ಎರಡೇ ನಿಮಿಷದ ವಿಡಿಯೋ ತೆಗೆದೆ, ಕನ್ನಡದಲ್ಲೊಂದು, ಹಿಂದಿಯಲ್ಲೊಂದು. ಚಹಾ ಹೊತ್ತಿನಲ್ಲಿ ಎಲ್ಲರೂ ನೋಡುವುದು, ಆಮೇಲೆ ಒಬ್ಬ ಮಾಡಿ ತೋರಿಸುವುದು, ಇನ್ನೊಬ್ಬ ಅದನ್ನು ಫೋನಿನಲ್ಲಿ ಹಿಡಿಯುವುದು, ಪಾಸೋ ನಾಪಾಸೋ ಸಿದ್ದಪ್ಪ ಹೇಳುವುದು. ತಮ್ಮ ತಮ್ಮ ವಿಡಿಯೋ ನೋಡಿ ಅವರವರೇ ಜಗಳಾಡಿ ಕಲಿತರು. ತಿಂಗಳು ತುಂಬುವ ಮೊದಲೇ, ಬೀಗ ಹಾಕದೆ ಕೈ ಚಾಚಿದ ಹೊಸಬನೊಬ್ಬನನ್ನು ಯಾದವ್ ಕಾಲರ್ ಹಿಡಿದು ಹಿಂದಕ್ಕೆಳೆದ. ಜೋಶಿ ಸಾಹೇಬರು ಅದನ್ನು ಕಣ್ಣಾರೆ ಕಂಡರು. ಸಿದ್ದಪ್ಪನ ಕೆಲಸ ಉಳಿಯಿತು.

“ಮೇಡಮ್ಮಾರೆ, ನಿಮ್ಮದೊಂದು ಉಳದೈತ್ರಿ,” ಎಂದರು ಸಿದ್ದಪ್ಪ ಗಡುವಿನ ಕೊನೆಯ ದಿನ. ನಗುತ್ತಲೇ ಮಷೀನಿನ ಮುಂದೆ ನಿಂತೆ. ಸ್ವಿಚ್ ಆರಿಸಿದೆ, ಬೀಗ ಹಾಕಿದೆ, ಬೀಗದಕೈಯನ್ನು ಪರ್ಸಿಗೆ ಹಾಕಿಕೊಂಡೆ, ಇದನ್ನೆಲ್ಲ ಯಾಕೆ ಮಾಡಬೇಕೆಂದು ವಿವರಿಸುತ್ತಲೇ ಒಳಗೆ ಕೈ ಹಾಕಿದೆ. ಯಾದವ್ ಅದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತಲೇ ಇದ್ದ.

“ಸ್ಟಾರ್ಟ್ ಬಟನ್ ಒತ್ತಿ ನೋಡಿದ್ರೇನ್ರಿ?” ಎಂದರು ಸಿದ್ದಪ್ಪ ಮೆಲ್ಲಗೆ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ನಾಪಾಸ್ ಎಂದು ಬರೆದು, “ನಾಳೆ ಬರ್ರಿ. ಮಾತಾಡ್ಕೋತ ಮಾಡಬ್ಯಾಡ್ರಿ,” ಎಂದರು.

ಮರುದಿನ ಹೋಗಿ ಬಾಯಿ ಮುಚ್ಚಿಕೊಂಡು ಮಾಡಿ ಪಾಸಾದೆ. ಆ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಕೊನೆಗೆ ಪಾಸಾದವಳು ಟ್ರೈನಿಂಗ್ ಆಫೀಸರ್.